ಪದಚರ್ಚೆ: ಗಿಳಿಯ ‘ಗರಿ ಉದುರುವುದು’ – ಮೂರು ಸ್ಥಿತಿಗಳಿಗೆ ಮೂರು ಮಾತುಗಳು ಬೇಕಾಗಿವೆ

ಬಳಗದ ಹಿರಿಯರಿಗೂ ಸ್ನೇಹಿತರಿಗೂ ನಮಸ್ಕಾರ.

ಉಡುಪಿಯ ಶಾಲಾಮಕ್ಕಳಿಗೂ ಮನೆಯಲ್ಲಿ ಹಕ್ಕಿ ಸಾಕುವವರಿಗೂ ಹಂಚುವುದಕ್ಕಾಗಿ ಗಿಳಿಗಳ ಆರೋಗ್ಯ ಮತ್ತು ಸಂರಕ್ಷಣೆಯ ಕುರಿತು ಒಂದು ಕಿರುಹೊತ್ತಗೆಯನ್ನು ಬರೆಯುತ್ತಿದ್ದೇನೆ. ಬಹುಪಾಲು ಮುಗಿದಿದೆಯಾದರೂ ಒಂದು ಅಧ್ಯಾಯ ಪದ ಸಾಲದೆ ನಿಂತಿದೆ. ಹಕ್ಕಿಯ ಮೈಮೇಲಿನ ಗರಿ ಕಡಮೆಯಾಗುವುದಕ್ಕೆಲ್ಲ ನಾವು ‘ಗರಿ ಉದುರುವುದು’ ಎಂಬ ಒಂದೇ ಮಾತನ್ನು ಬಳಸುತ್ತೇವೆ. ಪಶುವೈದ್ಯರ ಬಳಿಗೆ ಹಕ್ಕಿಯನ್ನು ತರುವವರೂ ‘ಡಾಕ್ಟ್ರೇ, ಇದರ ಗರಿ ಉದುರ್ತಾ ಉಂಟು’ ಎಂದೇ ಆರಂಭಿಸುತ್ತಾರೆ. ಆ ಒಂದು ಮಾತಿನ ಹಿಂದೆ ಸಹಜ ಕ್ರಿಯೆ ಇರಬಹುದು, ಹಕ್ಕಿಯ ಮನಸ್ಸಿನ ಬೇಗೆ ಇರಬಹುದು, ಇಲ್ಲವೇ ಪಕ್ಕದ ಪಂಜರಕ್ಕೂ ಹಬ್ಬುವ ಸೋಂಕು ಇರಬಹುದು. ಮೊದಲನೆಯದಕ್ಕೆ ಏನೂ ಮಾಡಬೇಕಾಗಿಲ್ಲ. ಮೂರನೆಯದಕ್ಕೆ ಒಂದು ದಿನವೂ ತಡಮಾಡಬಾರದು. ಆದ್ದರಿಂದ ಇವನ್ನು ಒಂದೇ ಕ್ರಿಯಾಪದದಲ್ಲಿ ಕಟ್ಟಿಹಾಕುವುದು ಸರಿಯಲ್ಲವೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಸಹಜವಾದದ್ದನ್ನು ಮೊದಲು ನೋಡೋಣ. ಹಳೆಯ ಗರಿ ಬಿದ್ದು ಅದೇ ಕುಳಿಯಿಂದ ಹೊಸತು ಮೂಡುವ ಈ ಕ್ರಿಯೆ ಗಿಳಿಗಳ ರೆಕ್ಕೆಯಲ್ಲಿ ಹಾರುಗರಿಗಳ ಸಾಲಿನ ನಡುವಿನಿಂದ ಆರಂಭವಾಗಿ ಎರಡೂ ತುದಿಗಳತ್ತ ಸಾಗುತ್ತದೆ. ಎಡಬಲಗಳಲ್ಲಿ ಹೆಚ್ಚುಕಡಮೆ ಜೊತೆಜೊತೆಯಾಗಿ, ಒಂದೊಂದಾಗಿ ನಡೆಯುವುದರಿಂದ ಹಕ್ಕಿಯ ಹಾರಾಟ ನಿಲ್ಲುವುದಿಲ್ಲ. ಇದಕ್ಕೆ ‘ಗರಿ ಬಿಡುವುದು’ ಎನ್ನಬಹುದಲ್ಲವೇ ಎಂದು ಕುಂದಾಪುರದ ಸ್ನೇಹಿತರೊಬ್ಬರು ಕೇಳಿದರು. ಹಾವು ಪೊರೆ ಬಿಡುತ್ತದೆ ಎನ್ನುವಾಗ ‘ಬಿಡು’ ಎಂಬುದಕ್ಕೆ ತ್ಯಜಿಸು ಎಂಬ ಅರ್ಥವಿದೆ. ಮಾವು ಹೂ ಬಿಟ್ಟಿತು, ಹಲಸು ಕಾಯಿ ಬಿಟ್ಟಿತು ಎನ್ನುವಾಗ ಹೊರಡಿಸು ಎಂಬ ಅರ್ಥ. ಇದು ಗೊಂದಲಕ್ಕೆ ಎಡೆಮಾಡುತ್ತದೆ ಎಂದು ಕೆಲವರು ಆಕ್ಷೇಪಿಸಬಹುದು. ನನಗಾದರೋ ಈ ಇಬ್ಬಗೆಯೇ ಹಿಡಿಸಿದೆ, ಏಕೆಂದರೆ ಕೆಳಗಿನಿಂದ ಬೆಳೆಯುವ ಹೊಸ ಗರಿಯೇ ಹಳೆಯದನ್ನು ಹೊರಗೆ ತಳ್ಳುವುದರಿಂದ ಬೀಳುವುದೂ ಮೂಡುವುದೂ ಇಲ್ಲಿ ಒಂದೇ ಕೆಲಸವಾಗಿವೆ. ‘ಗರಿ ಬದಲಿಕೆ’ ಎಂಬುದು ಸ್ಪಷ್ಟವಾದ ಪದವೇ ಆದರೂ ಅದರಲ್ಲಿ ಈ ಕಸುವಿಲ್ಲ.

ಇದಕ್ಕೆ ಹೊಂದಿಕೊಂಡು ಇನ್ನೊಂದು ಪದವೂ ಬೇಕು. ಹೊಸ ಗರಿ ಮೊದಲು ಬಿಳಿಚು ಕೊಳವೆಯೊಳಗೆ ಮುದುಡಿಕೊಂಡು ಸೂಜಿಯಂತೆ ಮೇಲೇಳುತ್ತದೆ. ಬೆಳೆಯುವಷ್ಟು ಕಾಲ ಅದರ ಬುಡದಲ್ಲಿ ರಕ್ತವಿರುತ್ತದೆ, ಮುರಿದರೆ ಒಸರುತ್ತದೆ. ತೆಂಗಿನಲ್ಲಿಯೂ ಗರಿ ಎಂಬ ಮಾತಿರುವುದರಿಂದ, ಇನ್ನೂ ಬಿಚ್ಚದ ಎಳೆಯ ಗರಿಗೆ ನಾವು ತೋಟದಲ್ಲಿ ಹೇಳುವ ‘ಸುಳಿ’ಯನ್ನೇ ತೆಗೆದುಕೊಂಡು ‘ಸುಳಿಗರಿ’ ಎಂದು ಬರೆದಿದ್ದೇನೆ. ಕರಾವಳಿಯ ಓದುಗರಿಗೆ ಇದು ವಿವರಣೆಯಿಲ್ಲದೆ ತಿಳಿಯುತ್ತದೆಂದು ನಂಬಿದ್ದೇನೆ. ಬಯಲುಸೀಮೆಯವರು ಏನೆನ್ನುತ್ತಾರೋ ತಿಳಿಸಬೇಕು.

ಎರಡನೆಯದು ಹಕ್ಕಿ ತನ್ನ ಗರಿಯನ್ನು ತಾನೇ ಕೊಕ್ಕಿನಿಂದ ಕೀಳುವುದು. ಪಂಜರದ ಆಫ್ರಿಕದ ಬೂದು ಗಿಳಿಗಳಲ್ಲಿಯೂ ಕಾಕಟೂ ಎಂಬ ಜುಟ್ಟಿನ ಗಿಳಿಗಳಲ್ಲಿಯೂ ಇದು ಹೆಚ್ಚು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಆಹಾರವನ್ನು ಹುಡುಕಿ, ಬಿಚ್ಚಿ, ಕಡಿದು ತಿನ್ನುವ ಅವಕಾಶವನ್ನೂ ಹತ್ತಿ ಇಳಿಯಲು ಬಗೆಬಗೆಯ ಸಾಧನಗಳನ್ನೂ ಪಡೆದ ಎಳೆಯ ಅಮೆಜಾನ್ ಗಿಳಿಗಳಲ್ಲಿ ಈ ಚಾಳಿ ತಡೆಯಲ್ಪಟ್ಟಿತು. ಬರಿಯ ಪಂಜರದಲ್ಲಿ ಬೆಳೆದು ಗರಿ ಕಿತ್ತುಕೊಳ್ಳತೊಡಗಿದ್ದ ಗಿಳಿಗಳಿಗೆ ಅನಂತರ ಅದೇ ಸೌಕರ್ಯವನ್ನು ಒದಗಿಸಿದಾಗ ಅವುಗಳ ಗರಿಯೂ ಸುಧಾರಿಸಿತು. ಕಾಡಿನಲ್ಲಿ ಆಹಾರವನ್ನು ಬಿಡಿಸಿಕೊಳ್ಳುವುದಕ್ಕೆ ಹೆಚ್ಚು ದುಡಿಯುವ ಜಾತಿಗಳೇ ಪಂಜರದಲ್ಲಿ ಹೆಚ್ಚಾಗಿ ಗರಿ ಕೆಡಿಸಿಕೊಳ್ಳುತ್ತವೆ ಎಂದು 2021ರ ಅಧ್ಯಯನವೊಂದು ತೋರಿಸಿದೆ. ಇದನ್ನು ‘ಉದುರುವುದು’ ಎಂದರೆ ಹಕ್ಕಿಯ ಸಂಕಟವೇ ವಾಕ್ಯದಿಂದ ಮರೆಯಾಗುತ್ತದೆ. ‘ಗರಿ ಕಿತ್ತುಕೊಳ್ಳುವುದು’ ಎಂಬುದು ಹತ್ತಿರದ ಮಾತು. ಆದರೆ ‘ಕೈಯಿಂದ ಕಿತ್ತುಕೊಂಡ’ ಎನ್ನುವಲ್ಲಿ ಇನ್ನೊಬ್ಬರಿಂದ ಕಸಿಯುವ ಅರ್ಥವಿದೆಯಲ್ಲ! ಪಂಜರದ ಜೊತೆಗಾರ ಹಕ್ಕಿ ಗರಿ ಕೀಳುವುದೂ ಉಂಟಾದ್ದರಿಂದ ಈ ಸಂದಿಗ್ಧ ಕೇವಲ ವ್ಯಾಕರಣದ್ದಲ್ಲ. ಗುರುತಿಸುವ ಬಗೆ ಸರಳವಾಗಿದೆ: ತಾನೇ ಕಿತ್ತುಕೊಂಡ ಗಿಳಿಯ ಎದೆ, ತೊಡೆ ಬೋಳಾಗಿರುತ್ತವೆ, ತಲೆಯ ಗರಿ ಮಾತ್ರ ನೆಟ್ಟಗಿರುತ್ತದೆ, ಕೊಕ್ಕು ಅಲ್ಲಿಗೆ ತಲುಪುವುದಿಲ್ಲ.

ತಲೆಯೂ ಬೋಳಾಗಿದ್ದರೆ, ಹೊಸ ಗರಿ ಬುಡದಲ್ಲಿ ಸಣ್ಣಗೆ ಹಿಸುಕಿದಂತೆ ಹುಟ್ಟುತ್ತಿದ್ದರೆ, ಕೊಳವೆ ಬಿಚ್ಚದೆ ಒಳಗೆ ರಕ್ತ ಕರೆಗಟ್ಟಿದ್ದರೆ ಮೂರನೆಯದರ, ಎಂದರೆ ಕೊಕ್ಕು–ಗರಿ ರೋಗದ ಶಂಕೆ ಬರಬೇಕು. ಇದಕ್ಕೆ ಕಾರಣ ಸರ್ಕೋವೈರಸ್ ಎಂಬ ಅತಿ ಚಿಕ್ಕ ವೈರಸ್. ಅದು ಗರಿ ಹುಟ್ಟುವ ಕುಳಿಯನ್ನೂ ರೋಗನಿರೋಧಕ ಶಕ್ತಿಯನ್ನೂ ಹಾಳುಮಾಡುತ್ತದೆ. ಗರಿಯ ಧೂಳಿನಿಂದಲೂ ಹಿಕ್ಕೆಯಿಂದಲೂ ಹರಡುತ್ತದೆ. ಗುಣಪಡಿಸುವ ಔಷಧ ಇಲ್ಲ. ಮಾರಿಷಸ್ಸಿನ ಎಕೋ ಪ್ಯಾರಕೀಟ್ ಎಂಬ ಗಿಳಿ 1980ರ ದಶಕದಲ್ಲಿ ಹತ್ತರ ಆಸುಪಾಸಿಗೆ ಇಳಿದು, ಸಂರಕ್ಷಕರ ದುಡಿಮೆಯಿಂದ ನೂರಾರಾಗಿ ಚೇತರಿಸಿಕೊಳ್ಳುತ್ತಿದ್ದಾಗ, 2005ರ ಹೊತ್ತಿಗೆ ಅದನ್ನು ಕಾಡಿದ್ದು ಇದೇ ರೋಗ. ನಮ್ಮ ತೋಟಗಳಿಗೆ ಬರುವ, ಕೊರಳಲ್ಲಿ ಪಟ್ಟಿಯಿರುವ ಹಸಿರು ಗಿಳಿ ಅದರ ಹತ್ತಿರದ ಬಂಧು; ಮನುಷ್ಯರು ಆ ದ್ವೀಪಕ್ಕೆ ಒಯ್ದು ಬಿಟ್ಟ ಈ ಗಿಳಿಗಳಲ್ಲಿಯೂ ಅದೇ ವೈರಸ್ ಕಂಡುಬಂದಿದೆ. ಹೊತ್ತಗೆಯಲ್ಲಿ ಇದನ್ನು ಬಿಡದೆ ಬರೆದಿದ್ದೇನೆ. ನಮ್ಮ ನಾಡಿನ ಗಿಳಿಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ ಎಂಬುದನ್ನೂ ಸೇರಿಸಿದ್ದೇನೆ.

ಇಂಗ್ಲಿಷಿನಲ್ಲಿಯೂ ಈ ತೊಡಕು ಇಲ್ಲದಿಲ್ಲ. ನಮ್ಮ ಅಂಗಡಿಗಳಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವ ಬಜರಿಗಾರ್ ಮರಿಗಳ ಹಾರುಗರಿ ಬೀಳುವ ಸೋಂಕಿಗೆ ಅಲ್ಲಿ ‘ಫ್ರೆಂಚ್ ಮೋಲ್ಟ್’ ಎಂಬ ಹೆಸರಿದೆ. ‘ಮೋಲ್ಟ್’ ಎಂದರೆ ಹಕ್ಕಿ ಸಹಜವಾಗಿ ಗರಿ ಬದಲಿಸುವುದು; ಕಾರಣ ವೈರಸ್ಸೇ ಆದರೂ ಹೆಸರು ಮಾತ್ರ ಸಹಜ ಕ್ರಿಯೆಯದು. ಅದನ್ನು ಪದಶಃ ಕನ್ನಡಿಸಿದರೆ ಅದೇ ತಪ್ಪು ನಮ್ಮಲ್ಲಿಗೂ ಬರುತ್ತದೆ. ‘ಮರಿಗಳ ಗರಿರೋಗ’ ಎಂದರೆ ಸಾಲದೇ?

ಸಹಜ ಕ್ರಿಯೆಗೆ ಗರಿ ಬಿಡುವುದು, ತಾನೇ ಮಾಡಿಕೊಳ್ಳುವುದಕ್ಕೆ ಗರಿ ಕಿತ್ತುಕೊಳ್ಳುವ ಚಾಳಿ, ಸೋಂಕಿಗೆ ಗರಿರೋಗ ಎಂದು ಸದ್ಯಕ್ಕೆ ಇಟ್ಟುಕೊಂಡಿದ್ದೇನೆ. ಆದರೆ ನನ್ನ ಮುಖ್ಯ ಕೇಳಿಕೆ ಬೇರೆ ಇದೆ. ಅಂಕದ ಕೋಳಿ, ಎಂದರೆ ಕಾಳಗದ ಹುಂಜ, ಸಾಕುವವರು ಗರಿಯ ಬಣ್ಣ ನೋಡಿಯೇ ಬೊಳ್ಳೆ, ಕೆಮ್ಮೈರ ಎಂದು ಹುಂಜಗಳನ್ನು ವಿಂಗಡಿಸುತ್ತಾರೆ. ಅಷ್ಟು ಸೂಕ್ಷ್ಮವಾಗಿ ಗರಿಯನ್ನು ನೋಡುವವರ ಬಾಯಲ್ಲಿ, ಹುಂಜ ಹಳೆಯ ಗರಿ ಕಳೆದು ಹೊಸತು ತಳೆಯುವ ಕಾಲಕ್ಕೂ ಬಿಚ್ಚದ ಎಳೆಗರಿಗೂ ಮಾತು ಇರಲೇಬೇಕು. ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ – ಯಾವುದರಲ್ಲಿದ್ದರೂ ಸರಿ, ಊರು ಮತ್ತು ಬಳಸುವ ಸಂದರ್ಭದೊಡನೆ ಬರೆದು ತಿಳಿಸಿದರೆ, ನಾನು ಕಟ್ಟಿದ ಪದಗಳನ್ನು ತೆಗೆದು ಅವನ್ನೇ ಬಳಸುತ್ತೇನೆ.