ಸಹಾಯ ಬೇಕು: ದಾಸವಾಳದ ರಸ ಮೊದಲೇ ಹಸಿರಾಗುತ್ತಿದೆ

ನಮಸ್ಕಾರ. ಮಂಡ್ಯ ಹತ್ತಿರದ ಹಳ್ಳಿಯಲ್ಲಿ ಏಳನೇ ಕ್ಲಾಸಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಯಾವುದು ಹುಳಿ (ಆಮ್ಲ), ಯಾವುದು ಕ್ಷಾರ ಅಂತ ಬಣ್ಣ ಬದಲಿಸಿ ತೋರಿಸುವ ಲಿಟ್ಮಸ್ ಕಾಗದ ಖಾಲಿ. ಅರಿಶಿನದ ಕಾಗದ ಸೋಪಿನ ನೀರಿಗೆ ಕೆಂಪಾಗುತ್ತದೆ, ಸರಿ. ಆದರೆ ಹುಳಿಗೆ ಹಳದಿಯಾಗೇ ಉಳಿಯುತ್ತದೆ. ನಿಂಬೆರಸ, ಬರೀ ನೀರು ಎರಡೂ ಒಂದೇ ಥರ ಕಂಡರೆ ಮಕ್ಕಳಿಗೆ ಏನು ಹೇಳೋದು? ದಾಸವಾಳ ಹಾಗಲ್ಲ. ನಿಂಬೆರಸಕ್ಕೆ ಕಡು ಗುಲಾಬಿ, ಸುಣ್ಣದ ತಿಳಿನೀರಿಗೆ ಹಸಿರು.

ತೊಂದರೆ ಏನಂದ್ರೆ, ನಮ್ಮ ಬೋರ್‌ವೆಲ್ ನೀರನ್ನು ಕಾಯಿಸಿ ಹೂವಿನ ಎಸಳು ನೆನೆಸಿದರೆ ರಸ ಮೊದಲೇ ಮಂಕು ಹಸಿರಾಗಿ ಕೂರುತ್ತದೆ. ನೀರೇ ಸ್ವಲ್ಪ ಕ್ಷಾರ ಅಂತ ನನ್ನ ಅನುಮಾನ. (ಪಾತ್ರೆ ತಳದಲ್ಲಿ ಬಿಳಿ ಪೊರೆ ಬೇರೆ ಕಟ್ಟುತ್ತದೆ.) ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅಥವಾ ಮಳೆನೀರು ಬಳಸಿ ನೋಡಿದವರು ಇದ್ದೀರಾ? ರಸ ಹೀರಿಸಿದ ಕಾಗದವನ್ನು ನೆರಳಲ್ಲಿ ಒಣಗಿಸಿದರೆ ಬಣ್ಣ ಎಷ್ಟು ದಿನ ನಿಲ್ಲುತ್ತದೆ? ಸೋಮವಾರ ಪಾಠ ಇದೆ, ಬೇಗ ಹೇಳಿ.