ಹೆದರಿಸುವ ಕಾರ್ಡಿನಲ್ಲಿ ಒಳ್ಳೆಯದು ಏನಾದರೂ ಇದೆಯಾ?

ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಚಿಕ್ಕಮಗಳೂರಿನ ಓದುಗಿಯೊಬ್ಬರು ಹೀಗೆ ಬರೆದಿದ್ದರು: "ಬಿಡುವಿದ್ದಾಗ ಟ್ಯಾರೋ ಕಾರ್ಡ್, ಅಂದರೆ ಭವಿಷ್ಯ ಹೇಳಲು ಬಳಸುವ ಚಿತ್ರದ ಎಲೆಗಳನ್ನು ನೋಡುವುದು ನನ್ನ ಹವ್ಯಾಸ. ಅತ್ತಿಗೆ ಕೆಲಸ ಬಿಟ್ಟು ಊರಿನ ಮನೆಯಲ್ಲಿ ಹೋಂಸ್ಟೇ ಶುರು ಮಾಡಬೇಕು ಅಂತಿದ್ದಾರೆ. ತಮಗೂ ಒಮ್ಮೆ ನೋಡು ಅಂದರು. ಡೆತ್ (ಸಾವು), ಟವರ್ (ಗೋಪುರ), ತ್ರೀ ಆಫ್ ಸ್ವೋರ್ಡ್ಸ್ (ಮೂರು ಕತ್ತಿ), ಮೂರೂ ಒಟ್ಟಿಗೆ ಬಂದವು. ಅವರ ಮುಖವೇ ಬಿಳಿಚಿಕೊಂಡಿತು. ಈಗ ರಾತ್ರಿ ನಿದ್ದೆ ಬರುತ್ತಿಲ್ಲವಂತೆ. ಇದನ್ನೆಲ್ಲ ಮನೆಯಿಂದ ಆಚೆ ಹಾಕು ಅಂತ ಅಮ್ಮ ಬೈದರು. ಕೆಟ್ಟ ಕಾರ್ಡುಗಳನ್ನೆಲ್ಲ ಆರಿಸಿ ಬೇರೆ ಎತ್ತಿಟ್ಟಿದ್ದೇನೆ. ಇವಕ್ಕೆ ಒಳ್ಳೆಯ ಅರ್ಥ ನಿಜವಾಗಿಯೂ ಇದೆಯಾ, ಇಲ್ಲ ಸುಮ್ನೆ ಸಮಾಧಾನಕ್ಕೆ ಹೇಳುತ್ತಾರಾ?"

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ತಂಗಿ, ಇದೆ. ಅದನ್ನು ಚಿತ್ರದ ಒಳಗೇ ಹುಡುಕಬೇಕು. ನಿಮ್ಮ ಹತ್ತಿರ ಇರುವುದು ಬಹುಶಃ ರೈಡರ್ ವೇಟ್ ಎಂಬ ಕಾರ್ಡಿನ ಕಟ್ಟು. ಅದು 1909ರಲ್ಲಿ ಲಂಡನ್ನಿನಲ್ಲಿ ಬಂದದ್ದು. ಯೋಜನೆ ಆರ್ಥರ್ ಎಡ್ವರ್ಡ್ ವೇಟ್ ಅವರದ್ದು, 78 ಚಿತ್ರಗಳನ್ನೂ ಬರೆದವರು ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ. ಹಿಂದಿನ ಹೆಚ್ಚಿನ ಕಟ್ಟುಗಳಲ್ಲಿ ಸಣ್ಣ ಕಾರ್ಡುಗಳ (ಇಸ್ಪೀಟಿನ ಹಾಗೆ ಗುಂಪು, ಸಂಖ್ಯೆ ಇರುವ ಎಲೆಗಳ) ಮೇಲೆ ಬರೀ ಗುರುತುಗಳಿರುತ್ತಿದ್ದವು, ಮೂರು ಕತ್ತಿ ಅಂದರೆ ಮೂರು ಕತ್ತಿ ಅಷ್ಟೇ. ಈ ಹೆಣ್ಣುಮಗಳು ಒಂದೊಂದಕ್ಕೂ ಒಂದು ಸನ್ನಿವೇಶ ಕೊಟ್ಟರು. ಅಷ್ಟು ಕಷ್ಟಪಟ್ಟು ಬರೆದಿದ್ದನ್ನು ನಾವು ಹೆಸರು ಓದಿ ಹೆದರಿ ಕೆಳಗಿಟ್ಟುಬಿಡುತ್ತೇವೆ.

ಡೆತ್ ಕಾರ್ಡನ್ನು ಕಿಟಕಿ ಹತ್ತಿರ ಹಿಡಿದು ನಿಧಾನವಾಗಿ ನೋಡಿ. ಕಪ್ಪು ಕವಚ ತೊಟ್ಟ ಅಸ್ಥಿಪಂಜರ, ಬಿಳಿ ಕುದುರೆ ಮೇಲೆ. ಇದು ಎಲ್ಲರಿಗೂ ಕಾಣುತ್ತದೆ. ಕೈಯಲ್ಲಿರುವ ಬಾವುಟ ನೋಡಿ, ಅದರಲ್ಲಿ ಬಿಳಿ ಗುಲಾಬಿ ಇದೆ. ರಾಜ ನೆಲಕ್ಕೆ ಬಿದ್ದಿದ್ದಾನೆ. ಧರ್ಮಗುರು ಕೈ ಮುಗಿದು ನಿಂತಿದ್ದಾನೆ. ಹುಡುಗಿಯೊಬ್ಬಳು ಮುಖ ಆ ಕಡೆ ತಿರುಗಿಸಿದ್ದಾಳೆ. ಪಕ್ಕದಲ್ಲಿರುವ ಪುಟ್ಟ ಮಗು ಮಾತ್ರ ನೇರವಾಗಿ ಕುದುರೆ ಕಡೆ ನೋಡುತ್ತಿದೆ. ಹಿಂದೆ, ದೂರದಲ್ಲಿ, ಎರಡು ಗೋಪುರಗಳ ನಡುವೆ ಸೂರ್ಯ. ಒಂದು ಮುಕ್ತಾಯದ ಎದುರು ನಾಲ್ಕು ಜನ ನಾಲ್ಕು ಥರ ಇದ್ದಾರೆ. ನಿಮ್ಮ ಅತ್ತಿಗೆ ಇವರಲ್ಲಿ ಯಾರು? ಇದನ್ನು ಅವರನ್ನೇ ಕೇಳಿ.

ಕೆಲಸ ಬಿಡಲು ಹೊರಟವರಿಗೆ ಈ ಕಾರ್ಡ್ ಬಂದರೆ ಅದರಲ್ಲಿ ಆಶ್ಚರ್ಯವೇನು? ತಿಂಗಳ ಕೊನೆಗೆ ಬರುವ ಸಂಬಳ, ಟಿಫಿನ್ ಬಾಕ್ಸ್ ಹಂಚಿಕೊಳ್ಳುವ ಗೆಳತಿಯರು, ಎಲ್ಲ ಒಂದು ದಿನ ನಿಂತುಹೋಗುತ್ತದೆ. ಅದು ನಿಜವಾದ ನಷ್ಟ. ಅದನ್ನು ಮುಚ್ಚಿಟ್ಟು "ಹೊಸ ಆರಂಭ, ಒಳ್ಳೇದೇ ಆಗುತ್ತೆ" ಅಂದರೆ ಅತ್ತಿಗೆಗೆ ನಿಮ್ಮ ಮಾತಿನ ಮೇಲೆ ನಂಬಿಕೆ ಬರುವುದಿಲ್ಲ. ಏನು ಮುಗಿಯುತ್ತಿದೆ ಅಂತ ಮೊದಲು ಹೆಸರಿಟ್ಟು ಹೇಳಲಿ. ಆಮೇಲೆ ಆ ಸೂರ್ಯನ ಮಾತು.

ಟೆನ್ ಆಫ್ ಸ್ವೋರ್ಡ್ಸ್ ಕೂಡ ಹೀಗೇ. ಬೆನ್ನಿಗೆ ಹತ್ತು ಕತ್ತಿ ಚುಚ್ಚಿಕೊಂಡು ಬಿದ್ದಿರುವವನ ಆಚೆ ನೀರು ಶಾಂತವಾಗಿದೆ, ಕಪ್ಪು ಆಕಾಶದ ಕೆಳಗೆ ಹಳದಿ ಬೆಳಕಿದೆ. ಏಯ್ಟ್ ಆಫ್ ಸ್ವೋರ್ಡ್ಸಿನ ಹೆಂಗಸಿಗೆ ಕಣ್ಣು ಕಟ್ಟಿದ್ದಾರೆ, ಕೈ ಕಟ್ಟಿದ್ದಾರೆ. ಕಾಲು ಕಟ್ಟಿಲ್ಲ. ಇವು ನಮ್ಮ ಸಮಾಧಾನಕ್ಕೆ ನಾವು ಸೇರಿಸಿದ ಮಾತುಗಳಲ್ಲ. ಚಿತ್ರ ಬರೆದವರೇ ಅಲ್ಲಿ ಇಟ್ಟುಹೋಗಿದ್ದಾರೆ.
– ಓದುಗಿ, ಸಕಲೇಶಪುರ

ನಾನು ನಿವೃತ್ತ ಮೇಷ್ಟ್ರು. ನನಗೆ ಭವಿಷ್ಯ ಹೇಳುವುದರಲ್ಲಿ ನಂಬಿಕೆ ಇಲ್ಲ, ಆದರೆ ಈ ಕಾರ್ಡುಗಳ ಚರಿತ್ರೆ ಇಷ್ಟ. ಹೆದರಿದವರಿಗೆ ಅದನ್ನು ಹೇಳಿದರೆ ಅರ್ಧ ಭಯ ಹೋಗುತ್ತದೆ. 15ನೇ ಶತಮಾನದ ಉತ್ತರ ಇಟಲಿಯಲ್ಲಿ ಇದು ಬರೀ ಆಟ. ಮನೆಗಳಲ್ಲಿ ಕೂತು ಆಡುತ್ತಿದ್ದರು. ಡೆತ್ ಅನ್ನುವುದು ಆ ಆಟದಲ್ಲಿ ಒಂದು ತುರುಪು, ಕೈಗೆ ಬಂದರೆ ಚಿಕ್ಕ ಎಲೆಯನ್ನು ಹೊಡೆಯಬಹುದು ಅಂತ ಖುಷಿಪಡುತ್ತಿದ್ದ ಎಲೆ! ಭವಿಷ್ಯ ನೋಡಲು ಇದನ್ನು ಬಳಸುವ ಪದ್ಧತಿ ಬಲವಾಗಿದ್ದು ಸುಮಾರು 300 ವರ್ಷಗಳ ನಂತರ, ಫ್ರಾನ್ಸಿನಲ್ಲಿ.

ಇನ್ನೊಂದು ವಿಷಯ. ಕಾರ್ಡುಗಳ ನಂಬರ್ ನೋಡಮ್ಮ. ಡೆತ್ 13. ಅದಾದ ಮೇಲೆ 14 ಟೆಂಪರೆನ್ಸ್ (ಸಂಯಮ), ಎರಡು ಪಾತ್ರೆಗಳ ನಡುವೆ ನೀರು ಹದವಾಗಿ ಬೆರೆಸುವ ದೇವದೂತ. ಟವರ್ 16. ಅದರ ಬೆನ್ನಿಗೇ 17 ಸ್ಟಾರ್. ಕೆಟ್ಟದ್ದನ್ನು ಆರಿಸಿ ತೆಗೆದರೆ ಈ ಸಾಲೇ ಮುರಿದುಹೋಗುತ್ತದೆ. ಟವರ್ ಇಲ್ಲದೆ ಸ್ಟಾರ್ ಯಾಕೆ ಅಷ್ಟು ಶಾಂತವಾಗಿದೆ ಅನ್ನುವುದು ಗೊತ್ತಾಗುವುದಿಲ್ಲ. ದಯವಿಟ್ಟು ಅವನ್ನು ವಾಪಸ್ ಸೇರಿಸು.
– ಓದುಗರು, ಹಾಸನ

ಅಕ್ಕಾ, ಡೆವಿಲ್ ಕಾರ್ಡನ್ನೂ ಎತ್ತಿಟ್ಟಿದ್ದೀರಾ? ಅದರಲ್ಲಿರುವ ಇಬ್ಬರ ಕುತ್ತಿಗೆಯ ಸರಪಳಿ ನೋಡಿ. ಎಷ್ಟು ಸಡಿಲ ಇದೆ ಅಂದರೆ ಅವರೇ ತಲೆ ಮೇಲಿಂದ ತೆಗೆದು ಬಿಸಾಡಬಹುದು. ಪರೀಕ್ಷೆ ಹತ್ತಿರ ಬಂದಾಗ ನಾನು ಫೋನಿನ ಪಕ್ಕ ಆ ಕಾರ್ಡ್ ಇಟ್ಟುಕೊಳ್ಳುತ್ತೇನೆ.
– ವಿದ್ಯಾರ್ಥಿ, ಕೊಪ್ಪ

ನಿಮ್ಮ ಅಮ್ಮ ಬೈದಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಹಿರಿಯರ ಭಯ ಸೊಸೆ ಮೇಲಿನ ಕಾಳಜಿಯಿಂದಲೇ ಬಂದಿರುತ್ತದೆ. ಅವರಿಗೆ ಅರ್ಥವಾಗುವ ಹಾಗೆ ಹೇಳಿ. ನಮ್ಮ ಕಡೆ ದೇವರಿಗೆ ಹೂ ಇಟ್ಟು ಪ್ರಸಾದ ಕೇಳುತ್ತೇವಲ್ಲ, ಎಡಗಡೆ ಹೂ ಬಿದ್ದರೆ ಅರ್ಚಕರು "ನಿಮಗೆ ಕೇಡಾಗುತ್ತೆ" ಅಂತ ಯಾವತ್ತಾದರೂ ಹೇಳಿದ್ದಾರಾ? "ಈಗ ಬೇಡ, ಸ್ವಲ್ಪ ತಡೀರಿ, ಇನ್ನೊಂದ್ಸಲ ಯೋಚನೆ ಮಾಡಿ" ಅಂತಾರೆ. ಕೇಳಿದವರು ಮನೆಗೆ ಬಂದು ಕೂತು ಮಾತಾಡುತ್ತಾರೆ, ದುಡ್ಡಿನ ಲೆಕ್ಕ ಮತ್ತೆ ಹಾಕುತ್ತಾರೆ. ಟವರ್ ಬಂದರೂ ಅಷ್ಟೇ ಅಂತ ಅಮ್ಮನಿಗೆ ಹೇಳಿ. ಒಪ್ಪುತ್ತಾರೆ ನೋಡಿ.
– ಗೃಹಿಣಿ, ಬೇಲೂರು

ಮೇಡಂ, ನಾನು ನರ್ಸ್. ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಒಳ್ಳೆಯ ಅರ್ಥ ಹುಡುಕಿ, ಆದರೆ ಅವಸರ ಮಾಡಬೇಡಿ. ತ್ರೀ ಆಫ್ ಸ್ವೋರ್ಡ್ಸಿನಲ್ಲಿ ಒಂದು ಹೃದಯ, ಮೂರು ಕತ್ತಿ, ಹಿಂದೆ ಮೋಡ, ಮಳೆ. ಮನುಷ್ಯರೇ ಇಲ್ಲ. ಸೂರ್ಯನೂ ಇಲ್ಲ. ಇದಕ್ಕೆ ಒತ್ತಾಯದಿಂದ ನಗುಮುಖ ಅಂಟಿಸುವುದು ನನಗೆ ಸರಿ ಕಾಣುವುದಿಲ್ಲ. ನಮ್ಮ ತಾಯಿ ಹೋದ ಮೇಲೆ ಗೆಳತಿಯೊಬ್ಬಳು ನನಗೆ ಕಾರ್ಡ್ ತೆಗೆದಾಗ ಇದೇ ಬಂತು. ಅವಳು ಅರ್ಥ ಹೇಳಲೇ ಇಲ್ಲ. ಕಾರ್ಡನ್ನು ನನ್ನ ಕಡೆ ತಿರುಗಿಸಿ, "ಈ ಮೂರು ಕತ್ತಿ ಯಾವ್ಯಾವುದು ಹೇಳು" ಅಂದಳು. ಒಂದು ಅಮ್ಮ ಇಲ್ಲದ್ದು. ಇನ್ನೊಂದು, ಕೊನೆಯ ದಿನ ನಾನು ಡ್ಯೂಟಿಯಲ್ಲಿದ್ದದ್ದು. ಮೂರನೆಯದನ್ನು ಇಲ್ಲಿ ಬರೆಯಲಾರೆ, ಆದರೆ ಅವತ್ತು ಅವಳ ಮುಂದೆ ಬಾಯಿಬಿಟ್ಟು ಹೇಳಿದೆ. ಅಲ್ಲಿವರೆಗೆ ಯಾರ ಹತ್ತಿರವೂ ಹೇಳಿರಲಿಲ್ಲ. ಆ ಕಾರ್ಡಿನಿಂದ ನನಗಾದ ಒಳ್ಳೆಯದು ಅದೇ. ನಿಮ್ಮ ಅತ್ತಿಗೆಗೂ ಹೋಂಸ್ಟೇಗೆ ಸಂಬಂಧವೇ ಇಲ್ಲದ ಹಳೆಯ ನೋವು ಯಾವುದಾದರೂ ಇರಬಹುದು. ಕೇಳಿ, ಕೇಳಿಸಿಕೊಳ್ಳಿ.

ಕಾಯಿಲೆ, ಬಸಿರು, ಸಾವು, ಇವುಗಳ ಬಗ್ಗೆ ಮಾತ್ರ ಕಾರ್ಡ್ ನೋಡಿ ಏನೂ ಹೇಳಬೇಡಿ, ಎಷ್ಟೇ ಕೇಳಿಕೊಂಡರೂ. ನಿದ್ದೆ ಬಾರದಿರುವುದು ಹೀಗೇ ಮುಂದುವರಿದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.
– ಓದುಗಿ, ಚಿಕ್ಕಮಗಳೂರು

ನಾನು ಕೊಟ್ಟಿಗೆಹಾರದ ಹತ್ತಿರ ಹೋಂಸ್ಟೇ ನಡೆಸುತ್ತೇನೆ, ಕಾರ್ಡೂ ನೋಡುತ್ತೇನೆ. ಹಾಗಾಗಿ ಟವರ್ ಬಗ್ಗೆ ನಾನೇ ಹೇಳಬೇಕು ಅನ್ನಿಸಿತು. ಆ ಚಿತ್ರದಲ್ಲಿ ಸಿಡಿಲು ಹೊಡೆದು ಹಾರಿಹೋಗಿರುವುದು ಗೋಪುರದ ತುದಿಯ ಕಿರೀಟ. ಬೆಂಕಿ ಹೊತ್ತಿದೆ, ಇಬ್ಬರು ಬೀಳುತ್ತಿದ್ದಾರೆ, ಸುಳ್ಳು ಹೇಳುವುದಿಲ್ಲ. ಆದರೆ ಗೋಡೆ ಇನ್ನೂ ನಿಂತಿದೆ. ಕಟ್ಟಿರುವ ಜಾಗ ಮಾತ್ರ ಕಡಿದಾದ ಬಂಡೆಯ ತುದಿ. ನನಗೆ ಈ ಕಾರ್ಡ್ ಬಂದಾಗೆಲ್ಲ ನಾನು ಕೇಳಿಕೊಳ್ಳುವುದು ಒಂದೇ: ಯಾವುದು ಬಿದ್ದರೆ ನನಗೆ ತಡೆಯೋಕಾಗಲ್ಲ?

2019ರ ಆಗಸ್ಟ್ ಮಳೆಯಲ್ಲಿ ಚಾರ್ಮಾಡಿ ಘಾಟಿ ಕುಸಿದು ದಾರಿ ಬಂದ್ ಆಗಿದ್ದು ನಿಮಗೆಲ್ಲ ನೆನಪಿರಬಹುದು. ಈ ದಾರಿಯನ್ನೇ ನಂಬಿಕೊಂಡವರಿಗೆ ಅದು ದೊಡ್ಡ ಪೆಟ್ಟು. ಆದ್ದರಿಂದ ಅತ್ತಿಗೆ ಈ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು ಉತ್ತರ ಕಂಡುಕೊಳ್ಳಲಿ. ಮಳೆಗಾಲದಲ್ಲಿ ಬುಕಿಂಗ್ ಪೂರ್ತಿ ರದ್ದಾದರೆ ಸಾಲದ ಕಂತು ಎಲ್ಲಿಂದ? ವಾರಗಟ್ಟಲೆ ಕರೆಂಟ್ ಇಲ್ಲದಿದ್ದರೆ? ಅಡುಗೆಗೆ ಸಹಾಯಕ್ಕೆ ಬರುವವರು ನಿಂತುಹೋದರೆ? ಕೆಲಸಕ್ಕೆ ರಾಜೀನಾಮೆ ಕೊಡುವ ಬದಲು ಮೊದಲು ರಜೆ ಹಾಕಿ ಒಂದು ಸೀಸನ್ ನಡೆಸಿ ನೋಡಲು ಆಗುತ್ತಾ? ಈ ಲೆಕ್ಕ ಈಗಲೇ ಹಾಕಿಸಿದರೆ ಟವರ್‌ಗಿಂತ ಉಪಕಾರದ ಕಾರ್ಡ್ ಇನ್ನೊಂದಿಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಸನ್ (ಸೂರ್ಯ) ಅನ್ನುವ ಖುಷಿಯ ಕಾರ್ಡ್ ಬಂದಿದ್ದರೆ ಇಷ್ಟೆಲ್ಲ ಯೋಚನೆ ಮಾಡುತ್ತಿದ್ದರಾ?

ಅತ್ತಿಗೆಯವರನ್ನು ಒಂದು ಭಾನುವಾರ ನಮ್ಮ ಮನೆಗೆ ಕರೆದುಕೊಂಡು ಬನ್ನಿ. ಊಟ ಮಾಡಿಕೊಂಡು ಹೋಗಬಹುದು. ಹೋದ ಮಳೆಗಾಲದ ಜಮಾ ಖರ್ಚಿನ ಪುಸ್ತಕ ತೆಗೆದು ತೋರಿಸುತ್ತೇನೆ, ಯಾವ ತಿಂಗಳು ಎಷ್ಟು ಬಂತು, ಎಷ್ಟು ಹೋಯಿತು ಅಂತ ಅವರೇ ನೋಡಲಿ. ನನ್ನ ಫೋನ್ ನಂಬರ್ ಪತ್ರಿಕೆಯವರ ಹತ್ತಿರ ಇದೆ.
– ಓದುಗಿ, ಮೂಡಿಗೆರೆ ತಾಲ್ಲೂಕು