ಸಮುದ್ರದ ಎದುರಿನ ಹಳೇ ಹೋಟೆಲ್‌ನಲ್ಲಿ ವಾರಾಂತ್ಯ: ಅಪ್ಪ ಅಮ್ಮನನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ?

ಕೇಳಿದವರು, ರಾಜಾಜಿನಗರದಿಂದ:

ಬರುವ ಜನವರಿಗೆ ಅಪ್ಪ ಅಮ್ಮನ ಮದುವೆಯಾಗಿ 40 ವರ್ಷ. ಸಮುದ್ರ ಕಾಣುವ ದೊಡ್ಡ ಹಳೇ ಕಾಲದ ಹೋಟೆಲ್‌ನಲ್ಲಿ ಒಂದು ಸಲ ಇರಬೇಕು ಅಂತ ಅಮ್ಮನಿಗೆ ಬಹಳ ವರ್ಷದ ಆಸೆ. ಶನಿವಾರ ಹೊರಟು ಭಾನುವಾರ ರಾತ್ರಿ, ತಪ್ಪಿದರೆ ಸೋಮವಾರ ಬೆಳಿಗ್ಗೆ ಬೆಂಗಳೂರಿಗೆ ವಾಪಸ್ ಬರಬೇಕು. ಇಬ್ಬರೂ ಸಸ್ಯಾಹಾರಿಗಳು. ಅಮ್ಮನಿಗೆ ಮಂಡಿ ನೋವು ಇದೆ. ಮುಂಬೈ, ಪುದುಚೇರಿ, ಕೊಚ್ಚಿ ಮೂರೂ ತಲೆಯಲ್ಲಿ ಓಡುತ್ತಿವೆ. ಹೋಗಿ ಬಂದವರು ದಯವಿಟ್ಟು ನಿಮ್ಮ ಅನುಭವ ಹೇಳಿ.

ಜಯನಗರದಿಂದ:

ಮುಂಬೈಗೆ ಹೋಗಿ. ಗೇಟ್‌ವೇ ಆಫ್ ಇಂಡಿಯಾ ಪಕ್ಕದ ತಾಜ್ ಮಹಲ್ ಪ್ಯಾಲೇಸ್. ನಾವು ನಮ್ಮ ಅತ್ತೆ ಮಾವನನ್ನು ಕರೆದುಕೊಂಡು ಹೋಗಿದ್ದೆವು, ಅವರು ಇವತ್ತಿಗೂ ಅದನ್ನೇ ಹೇಳುತ್ತಿರುತ್ತಾರೆ.

ಮೊದಲು ಒಂದು ಮಾತು. ಅಲ್ಲಿ ಕಟ್ಟಡ ಎರಡಿವೆ. ಒಂದು 1903ರ ಡಿಸೆಂಬರ್‌ನಲ್ಲಿ ಜಮ್‌ಷೆಡ್‌ಜಿ ಟಾಟಾ ತೆರೆದ ಹಳೇ ಪ್ಯಾಲೇಸ್. ಇನ್ನೊಂದು 1970ರ ದಶಕದಲ್ಲಿ ಪಕ್ಕದಲ್ಲಿ ಎದ್ದ ಟವರ್. ಟವರ್‌ನಲ್ಲಿ ಸಾಮಾನ್ಯವಾಗಿ ಬಾಡಿಗೆ ಕಡಿಮೆ. ಮೇಲಿನ ಮಹಡಿಗಳಿಂದ ಸಮುದ್ರವೂ ಚೆನ್ನಾಗಿ ಕಾಣುತ್ತೆ. ಆದರೆ ಅಮ್ಮ ಕೇಳಿರುವುದು ಹಳೇ ಹೋಟೆಲ್ ಅಲ್ವಾ? ಎರಡು ರಾತ್ರಿಗೆ ಅಂತ ಇಟ್ಟ ದುಡ್ಡನ್ನು ಒಂದೇ ರಾತ್ರಿಗೆ ಹಾಕಿ, ಪ್ಯಾಲೇಸ್ ಭಾಗದಲ್ಲೇ ಸಮುದ್ರದ ಕಡೆ ಕಿಟಕಿ ಇರುವ ಕೋಣೆ ತೆಗೆದುಕೊಳ್ಳಿ. ಪ್ಯಾಲೇಸ್‌ನಲ್ಲೂ ಊರಿನ ಕಡೆ ನೋಡುವ ಕೋಣೆಗಳಿವೆ, ಬುಕ್ ಮಾಡುವಾಗ ಸರಿಯಾಗಿ ಓದಿಕೊಳ್ಳಿ. ದಿನಕ್ಕೆ 7,500 ರೂಪಾಯಿಗಿಂತ ಜಾಸ್ತಿ ಬಾಡಿಗೆಯ ಕೋಣೆಗೆ 18% ಜಿಎಸ್‌ಟಿ ಬೇರೆ ಬೀಳುತ್ತೆ, ಅದನ್ನೂ ಸೇರಿಸಿಯೇ ಲೆಕ್ಕ ಹಾಕಿ.

ಗೇಟ್‌ವೇ ಮುಗಿದದ್ದು 1924ರಲ್ಲಿ. ಅಂದರೆ ಹೋಟೆಲ್ ಅದಕ್ಕಿಂತ ಸುಮಾರು 20 ವರ್ಷ ಹಳೆಯದು. ಒಳಗೆ ಗುಮ್ಮಟದ ಕೆಳಗೆ ದೊಡ್ಡ ಮೆಟ್ಟಿಲು ಇದೆ. ಅದರ ಬುಡದಲ್ಲಿ ನಿಂತು ತಲೆ ಎತ್ತಿ ನೋಡಬೇಕು, ಕಬ್ಬಿಣದ ಕಟಕಟೆ ಮಹಡಿ ಮಹಡಿಗೆ ಸುತ್ತಿಕೊಂಡು ಮೇಲೆ ಹೋಗುತ್ತೆ. ಅಮ್ಮ ಮೆಟ್ಟಿಲು ಹತ್ತಬೇಕಾಗಿಲ್ಲ, ಲಿಫ್ಟ್ ಇದೆ. ಕೋಣೆಗೆ ಹೋಗುವ ಓಣಿಗಳಲ್ಲಿ ಹಳೇ ಫೋಟೋ, ಚಿತ್ರಗಳು ಇವೆ. ಅವಸರ ಮಾಡಿಸಬೇಡಿ.

ಅಲ್ಲಿ ಅಲೆ ಬಡಿಯುವ ಮರಳಿನ ದಂಡೆ ಇಲ್ಲ. ಎದುರಿಗೆ ಇರುವುದು ಬಂದರಿನ ನೀರು. ಹೋಟೆಲ್ ಪೂರ್ವಕ್ಕೆ ಮುಖ ಮಾಡಿದೆ, ಹಾಗಾಗಿ ಕಾಣುವುದು ಸೂರ್ಯೋದಯ. ಜನವರಿಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಏಳು ಗಂಟೆ ದಾಟಿದ ಮೇಲೆ. ಬೇಗ ಏಳುವ ಹಿರಿಯರಿಗೆ ಇದಕ್ಕಿಂತ ಒಳ್ಳೆಯದು ಏನಿದೆ? ಕಾಫಿ ಕೋಣೆಗೇ ತರಿಸಿ, ಕಿಟಕಿಯ ಹತ್ತಿರ ಎರಡು ಕುರ್ಚಿ ಎಳೆದು ಹಾಕಿ, ನೀವು ನಿಮ್ಮ ಕೋಣೆಗೆ ಹೋಗಿಬಿಡಿ.

ಮಧ್ಯಾಹ್ನ ಮೊದಲ ಮಹಡಿಯ ಸೀ ಲೌಂಜ್‌ನಲ್ಲಿ ಕಿಟಕಿ ಪಕ್ಕದ ಮೇಜು ಸಿಗುತ್ತಾ ಅಂತ ಕೇಳಿ. ಚಹಾ ಜೊತೆ ಸೇವ್ ಪುರಿ, ಭೇಲ್ ಪುರಿ ಸಿಗುತ್ತೆ, ಸಸ್ಯಾಹಾರಕ್ಕೆ ಯೋಚನೆ ಇಲ್ಲ. ನಮ್ಮ ಅತ್ತೆ ಅಲ್ಲಿ ಕೂತು ನೋಡಿದ್ದು ದೋಣಿಗಳನ್ನು. ಗೇಟ್‌ವೇ ಮೆಟ್ಟಿಲ ಹತ್ತಿರ ಒಂದು ದೋಣಿಯ ಪಕ್ಕಕ್ಕೆ ಇನ್ನೊಂದು ತಾಗಿಕೊಂಡು ನಿಲ್ಲುತ್ತೆ. ಹೊರಗಿನ ದೋಣಿಯವರು ಒಳಗಿನ ದೋಣಿ ದಾಟಿ ಮೆಟ್ಟಿಲಿಗೆ ಬರಬೇಕು. ಹಗ್ಗ ಹಿಡಿದ ಹುಡುಗ ಒಂದು ಕಾಲು ಇಲ್ಲಿ, ಒಂದು ಕಾಲು ಅಲ್ಲಿ ಇಟ್ಟು, ವಯಸ್ಸಾದವರ ಮೊಣಕೈ ಹಿಡಿದು ಒಬ್ಬೊಬ್ಬರನ್ನೇ ದಾಟಿಸುತ್ತಿದ್ದ. ಚಹಾ ಆರಿಹೋಯಿತು, ಅತ್ತೆ ಕಣ್ಣು ತೆಗೆಯಲಿಲ್ಲ. ಇದೇ ಕಾರಣಕ್ಕೆ ಎಲಿಫೆಂಟಾ ದ್ವೀಪದ ಗುಹೆಗಳಿಗೆ ಹೋಗಬೇಡಿ ಅಂತಲೂ ಹೇಳುತ್ತೇನೆ. ದೋಣಿ ದಾಟುವುದು, ಆಮೇಲೆ ಗುಹೆಗೆ ನೂರಕ್ಕೂ ಹೆಚ್ಚು ಮೆಟ್ಟಿಲು. ಮಂಡಿ ನೋವಿಗೆ ಅದು ಆಗಿಬರಲ್ಲ. ಸೋಮವಾರ ಅದು ರಜೆ ಬೇರೆ.

2008ರ ನವೆಂಬರ್ 26ರ ದಾಳಿಯಲ್ಲಿ ಅಲ್ಲಿ ಸತ್ತವರ ಹೆಸರುಗಳನ್ನು ಹೋಟೆಲ್ ಒಳಗೇ ಕೆತ್ತಿಸಿದ್ದಾರೆ. ಸುಟ್ಟುಹೋಗಿದ್ದ ಹಳೇ ಭಾಗ ಮತ್ತೆ ತೆರೆದದ್ದು 2010ರ ಆಗಸ್ಟ್ 15ರಂದು. ಒಂದು ನಿಮಿಷ ಅಲ್ಲಿ ನಿಂತು ಬನ್ನಿ. ನಮ್ಮ ಮಾವ ಒಂದೊಂದೇ ಹೆಸರು ಓದಿದರು.

ಶುಕ್ರವಾರ ಸಂಜೆಯ ವಿಮಾನ ಬೇಡ. ಹೆಬ್ಬಾಳದ ಟ್ರಾಫಿಕ್‌ನಲ್ಲೇ ಅರ್ಧ ಉತ್ಸಾಹ ಇಳಿದುಹೋಗುತ್ತೆ. ಶನಿವಾರ ಬೆಳಗಿನ ಮೊದಲ ವಿಮಾನ ಹಿಡಿಯಿರಿ, ಎರಡು ಗಂಟೆಯೊಳಗೆ ಮುಂಬೈ. ಕೋಣೆ ಸಿಗುವುದು ಮಧ್ಯಾಹ್ನ ಎರಡಕ್ಕೆ, ಆದರೆ ಬ್ಯಾಗ್ ಅವರ ಹತ್ತಿರ ಇಟ್ಟು ಒಳಗೆ ಆರಾಮಾಗಿ ಕೂರಬಹುದು. ವಾಪಸ್ ಬರುವಾಗ ದಾರಿಯಲ್ಲಿ ಮಾಟುಂಗಾ ಸಿಗುತ್ತೆ. 1940ರಿಂದ ಕಾಮತ್ ಕುಟುಂಬ ನಡೆಸುತ್ತಿರುವ, ನಮ್ಮ ಕಡೆಯ ತಿಂಡಿ ಸಿಗುವ ಕೆಫೆ ಮದ್ರಾಸ್ ಅಲ್ಲೇ ಇದೆ. ಭಾನುವಾರ ಸಾಲು ಉದ್ದ ಇರುತ್ತೆ. ಅಪ್ಪ ಅಮ್ಮನನ್ನು ಕಾರಲ್ಲಿ ಕೂರಿಸಿ ನೀವು ಹೆಸರು ಬರೆಸಿ.

ಇಂದಿರಾನಗರದಿಂದ:

ಪುದುಚೇರಿ ನನಗೆ ತುಂಬಾ ಇಷ್ಟ. ಆದರೆ ನೀವು ಕೇಳಿದ ಹೋಟೆಲ್ ಅಲ್ಲಿ ಇಲ್ಲ ಅನ್ನಿಸುತ್ತೆ. ಅಲ್ಲಿರುವುದು ಫ್ರೆಂಚರ ಕಾಲದ ಮನೆಗಳು. ಅಂಗಳ, ಎತ್ತರದ ಬಾಗಿಲು, ಬೋಗನ್‌ವಿಲ್ಲಾ, ಹತ್ತಿಪ್ಪತ್ತು ಕೋಣೆ. ಮನಸ್ಸಿಗೆ ಹಿತ, ನಿಜ. ಆದರೆ ಹೆಚ್ಚಿನವು ಸಮುದ್ರದಿಂದ ಒಂದೆರಡು ಬೀದಿ ಒಳಗಿವೆ. ಕೋಣೆಯಿಂದ ನೀರು ಕಾಣಲ್ಲ.

ಮಂಡಿ ನೋವು ಇದೆ ಅಂದಿರಿ. ಈ ಮನೆಗಳಲ್ಲಿ ಮೆಟ್ಟಿಲು ಕಡಿದಾಗಿರುತ್ತೆ, ಎಷ್ಟೋ ಕಡೆ ಲಿಫ್ಟ್ ಇರಲ್ಲ. ನೆಲಮಹಡಿ ಕೋಣೆ ಅಂತ ಬರೆಸಿಕೊಳ್ಳಿ. ಇನ್ನೊಂದು, ನಮಗೆ ಒಂದು ಕಡೆ ಹಳೇ ಮನೆಯ ಫೋಟೋ ತೋರಿಸಿ ಹಿಂದೆ ಹೊಸದಾಗಿ ಕಟ್ಟಿದ ಬ್ಲಾಕ್‌ನಲ್ಲಿ ಕೋಣೆ ಕೊಟ್ಟರು. ಎಷ್ಟು ಕೇಳಿಕೊಂಡರೂ ಬದಲಿಸಲಿಲ್ಲ. ಎಲ್ಲಿಗೆ ಹೋದರೂ, ಕೋಣೆ ಹಳೇ ಕಟ್ಟಡದಲ್ಲೇ ಇದೆ ಅಂತ ಇಮೇಲ್‌ನಲ್ಲಿ ಉತ್ತರ ತರಿಸಿಕೊಂಡೇ ದುಡ್ಡು ಕಟ್ಟಿ.

ಕಾರಿನಲ್ಲಿ ಕೃಷ್ಣಗಿರಿ, ತಿರುವಣ್ಣಾಮಲೈ ಮೇಲೆ ಸುಮಾರು 310 ಕಿಲೋಮೀಟರ್. ಆರೂವರೆ, ಏಳು ಗಂಟೆ ಹಿಡಿಯುತ್ತೆ. ಹೋಗಿ ಬರುವುದರಲ್ಲೇ ನಿಮ್ಮ ವಾರಾಂತ್ಯ ಅರ್ಧ ಮುಗಿಯುತ್ತೆ. ಹೋದರೆ ಮಾತ್ರ ಬೀಚ್ ರಸ್ತೆ ಬಿಡಬೇಡಿ. ಸಂಜೆ ಆರರಿಂದ ಬೆಳಿಗ್ಗೆ ಏಳೂವರೆವರೆಗೆ ಅಲ್ಲಿ ವಾಹನ ಬಿಡಲ್ಲ. ಸಮತಟ್ಟಾದ ದಾರಿ, ಹಿರಿಯರು ನಿಧಾನಕ್ಕೆ ನಡೆಯಬಹುದು.

ಮಲ್ಲೇಶ್ವರದಿಂದ:

ನಾನು ಕೊಚ್ಚಿ ಪರ. ಅಲ್ಲಿ ನಿಮಗೆ ಬೇಕಾದಂಥದ್ದು ಎರಡಿವೆ. ವಿಲಿಂಗ್ಡನ್ ದ್ವೀಪದ ತುದಿಯಲ್ಲಿ 1935ರ ತಾಜ್ ಮಲಬಾರ್. ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರ್ ಬಂದರು ಆಳ ಮಾಡಿಸುವಾಗ ತೆಗೆದ ಮಣ್ಣಿನಿಂದಲೇ ಆ ದ್ವೀಪ ಮಾಡಿದ್ದು. ಇನ್ನೊಂದು ಫೋರ್ಟ್ ಕೊಚ್ಚಿಯ ಬ್ರಂಟನ್ ಬೋಟ್‌ಯಾರ್ಡ್. ಇದು ಹಳೇ ಹಡಗುಕಟ್ಟೆ ಇದ್ದ ಜಾಗದಲ್ಲಿ ಹಳೇ ಶೈಲಿಯಲ್ಲಿ ಹೊಸದಾಗಿ ಕಟ್ಟಿದ್ದು, ಆದರೂ ಒಳಗೆ ಹೋದರೆ ಹಾಗನ್ನಿಸಲ್ಲ. ಕೋಣೆಯಲ್ಲಿ ಕೂತರೆ ಹಡಗುಗಳು ಎದುರಿಗೇ ಹೋಗುತ್ತವೆ. ಒಂದು ಸರಕು ಹಡಗಿನಲ್ಲಿ ಒಣಹಾಕಿದ್ದ ಅಂಗಿಗಳ ಬಣ್ಣವೂ ನಮಗೆ ಕಾಣುತ್ತಿತ್ತು.

ವಿಮಾನ ನಿಲ್ದಾಣ ನೆಡುಂಬಾಶ್ಶೇರಿಯಲ್ಲಿದೆ, ಅಲ್ಲಿಂದ ಫೋರ್ಟ್ ಕೊಚ್ಚಿಗೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಮಟ್ಟಂಚೇರಿಯ ಯಹೂದಿ ಪ್ರಾರ್ಥನಾ ಮಂದಿರ ಶನಿವಾರ ಮುಚ್ಚಿರುತ್ತೆ. ಹೊರಗಡೆ ಸಸ್ಯಾಹಾರ ಸ್ವಲ್ಪ ಹುಡುಕಬೇಕು. ಹೋಟೆಲ್‌ನಲ್ಲಿ ಮೊದಲೇ ಹೇಳಿದರೆ ಚೆನ್ನಾಗಿ ಮಾಡಿಕೊಡುತ್ತಾರೆ.

ವಿಜಯನಗರದಿಂದ:

ಜನಜಂಗುಳಿ ಬೇಡ ಅಂದರೆ ತಮಿಳುನಾಡಿನ ತರಂಗಂಬಾಡಿ. 1620ರ ಡೇನಿಷ್ ಕೋಟೆಯ ಪಕ್ಕದಲ್ಲೇ ಹಳೇ ಬಂಗಲೆ, ಸುತ್ತ ಜಗಲಿ, ಎದುರಿಗೆ ಸಮುದ್ರ. ಕೆಲವೇ ಕೋಣೆಗಳು. ಬೆಂಗಳೂರಿನಿಂದ ಮಯಿಲಾಡುತುರೈಗೆ ರಾತ್ರಿ ರೈಲು ಇದೆ, ಅಲ್ಲಿಂದ ಟ್ಯಾಕ್ಸಿ. ಆದರೆ ಅದು ಸದ್ದಿಲ್ಲದ ಪುಟ್ಟ ಊರು. ಅಮ್ಮನಿಗೆ ವೈಭವವೇ ಬೇಕಿದ್ದರೆ ಇದು ಅಲ್ಲ.

ಕೋರಮಂಗಲದಿಂದ:

ಇಬ್ಬರಿಗೂ ಪಾಸ್‌ಪೋರ್ಟ್ ಇದ್ದರೆ ಕೊಲಂಬೊದ ಗಾಲ್ ಫೇಸ್ ಹೋಟೆಲ್ ಕೂಡ ನೋಡಿ. 1864ರದ್ದು, ಅಂದರೆ ಮುಂಬೈ ತಾಜ್‌ಗಿಂತ ಹಳೆಯದು. ಸಮುದ್ರ ಪಶ್ಚಿಮಕ್ಕೆ. ಸೂರ್ಯ ಮುಳುಗುವ ಹೊತ್ತಿಗೆ ಬ್ಯಾಗ್‌ಪೈಪ್ ಊದುತ್ತಾ ಬಾವುಟ ಇಳಿಸುತ್ತಾರೆ. ಬೆಂಗಳೂರಿನಿಂದ ವಿಮಾನ ಒಂದೂವರೆ ಗಂಟೆಯಷ್ಟೇ. ಸೋಮವಾರ ರಜೆ ಹಾಕಲು ಆಗುತ್ತೆ ಅಂದರೆ ಮಾತ್ರ.

ಮತ್ತೆ ರಾಜಾಜಿನಗರದಿಂದ:

ಎಲ್ಲರಿಗೂ ಥ್ಯಾಂಕ್ಸ್. ಮುಂಬೈ, ಪ್ಯಾಲೇಸ್ ಭಾಗ, ಒಂದು ರಾತ್ರಿ ಅಂತ ಮನಸ್ಸು ಮಾಡಿದ್ದೇವೆ. ಇನ್ನೊಂದೇ ಚಿಂತೆ. ಅಪ್ಪ ಬ್ಯಾಂಕ್‌ನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಇಷ್ಟು ದುಡ್ಡಿಗೆ ಒಂದು ರಾತ್ರಿಯಾ ಅಂತ ಅಲ್ಲೇ ಬೇಜಾರು ಮಾಡಿಕೊಂಡರೆ? ಅಂಥ ಜಾಗದಲ್ಲಿ ಸಂಕೋಚ ಪಟ್ಟುಕೊಂಡರೆ?

ಬಸವನಗುಡಿಯಿಂದ:

ನನ್ನ ಅಪ್ಪನೂ ಹೀಗೇ. ಹಾಗಾಗಿ ಇದನ್ನು ಬರೆಯಲೇಬೇಕು ಅನ್ನಿಸಿತು.

ಕೋಣೆಯ ದುಡ್ಡು ಪೂರ್ತಿ ಮೊದಲೇ ಕಟ್ಟಿಬಿಡಿ, ಬೆಳಗಿನ ತಿಂಡಿ ಸೇರಿಸಿ. ಊಟದ ಬಿಲ್ಲು ಕೋಣೆಯ ಲೆಕ್ಕಕ್ಕೆ ಹೋಗಲಿ, ಮೇಜಿನ ಮೇಲೆ ನೀವೇ ಸಹಿ ಹಾಕಿ. ಮೆನು ನೀವು ಓದಿ ಹೇಳಿ, ಅವರ ಕೈಗೆ ಕೊಟ್ಟರೆ ಕಣ್ಣು ಹೋಗುವುದು ಬಲಗಡೆಯ ಬೆಲೆಗೇ. ಭಾನುವಾರ ಲೆಕ್ಕ ಮುಗಿಸುವಾಗ ಅವರನ್ನು ಮೆಟ್ಟಿಲ ಹತ್ತಿರ ಫೋಟೋಗೆ ನಿಲ್ಲಿಸಿ, ನೀವೊಬ್ಬರೇ ಕೌಂಟರ್‌ಗೆ ಹೋಗಿ.

ಬಟ್ಟೆಗೆ ತಲೆ ಕೆಡಿಸಿಕೊಳ್ಳಬೇಡಿ. ನಮ್ಮಮ್ಮ ಮೈಸೂರು ರೇಷ್ಮೆ ಸೀರೆ ಉಟ್ಟಿದ್ದರು, ಅಪ್ಪ ಮಾಮೂಲಿ ಪ್ಯಾಂಟು, ತುಂಬುತೋಳಿನ ಅಂಗಿ. ಬಾಗಿಲಲ್ಲಿ ನಿಂತವರು ಕೈಮುಗಿದು ಬರಮಾಡಿಕೊಂಡ ರೀತಿಗೇ ಅಪ್ಪನ ಭುಜ ಸಡಿಲವಾಯಿತು.

40ನೇ ವರ್ಷ ಅಂತ ಬುಕ್ ಮಾಡುವಾಗಲೇ ತಿಳಿಸಿ. ಕೇಕ್ ಕಳಿಸಿದರೆ ಮೊಟ್ಟೆ ಹಾಕದ್ದೇ ಇರಲಿ ಅಂತಲೂ ಹೇಳಿ. ಹಳೇ ಕಟ್ಟಡ ತೋರಿಸಿ ಕಥೆ ಹೇಳುವ ಸುತ್ತು ಅವತ್ತು ಇದೆಯಾ ಅಂತ ರಿಸೆಪ್ಷನ್‌ನಲ್ಲಿ ವಿಚಾರಿಸಿ. ನನ್ನ ಅಪ್ಪ ಅದರಲ್ಲಿ ಎಲ್ಲರಿಗಿಂತ ಮುಂದೆ ಇದ್ದರು, ಪ್ರಶ್ನೆ ಮೇಲೆ ಪ್ರಶ್ನೆ.

ಅಮ್ಮನಿಗೆ ಈಗಲೇ ಹೇಳಿಬಿಡಿ, ಕೊನೇ ಗಳಿಗೆಯ ಅಚ್ಚರಿ ಬೇಡ. ಯಾವ ಸೀರೆ ಅಂತ ಯೋಚಿಸಲು, ತಂಗಿಗೆ ಫೋನ್ ಮಾಡಿ ಹೇಳಲು ಅವರಿಗೆ ಒಂದು ತಿಂಗಳಾದರೂ ಬೇಕು.